ಎಂಟನೇ ಸೀಟು ಯಾರದ್ದು? ರಗ್ಬಿ ಚಾಲೆಂಜ್ ಕಪ್ ಎಬ್ಬಿಸಿದ ಒಂದು ಪ್ರಶ್ನೆ

2024ರ ಮೇ 24. ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಫುಟ್‌ಬಾಲ್ ಮೈದಾನದಲ್ಲಿ ರಗ್ಬಿ ಫೈನಲ್. ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಬಂದ ಶಾರ್ಕ್ಸ್ ತಂಡ ಇಂಗ್ಲೆಂಡಿನ ಗ್ಲಾಸ್ಟರ್ ತಂಡವನ್ನು 36-22ರಿಂದ ಸೋಲಿಸಿ ಯುರೋಪಿನ ಚಾಲೆಂಜ್ ಕಪ್ ಎತ್ತಿಕೊಂಡಿತು. ಕಪ್ ಜತೆಗೆ ಇನ್ನೊಂದು ಬಹುಮಾನವೂ ಸಿಕ್ಕಿತು. ಮುಂದಿನ ವರ್ಷದ ಚಾಂಪಿಯನ್ಸ್ ಕಪ್‌ನಲ್ಲಿ, ಅಂದರೆ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಲ್ಲಿ, ಆಡುವ ಅವಕಾಶ.

ಎಂಟು ದಿನ ಕಳೆದು, ಜೂನ್ 1ರಂದು, ವೇಲ್ಸ್‌ನ ಆಸ್ಪ್ರೀಸ್ ತಂಡ ಲೀಗಿನ ಕೊನೇ ಪಂದ್ಯದಲ್ಲಿ ಕಾರ್ಡಿಫ್ ತಂಡವನ್ನು ಸೋಲಿಸಿತು. 16 ತಂಡಗಳ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಬಂತು. ಆ ಲೀಗಿನಿಂದ ಚಾಂಪಿಯನ್ಸ್ ಕಪ್‌ಗೆ ಹೋಗುವುದು ಎಂಟು ತಂಡ. ಹಾಗಿದ್ದರೆ ಆಸ್ಪ್ರೀಸ್ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಅದೇ ಲೀಗಿನಲ್ಲಿ 14ನೇ ಸ್ಥಾನದಲ್ಲಿದ್ದ ಶಾರ್ಕ್ಸ್ ಹೋಯಿತು.

ಹದಿನಾಲ್ಕನೆಯವರು ಒಳಗೆ, ಎಂಟನೆಯವರು ಹೊರಗೆ. ಹೊಸದಾಗಿ ರಗ್ಬಿ ನೋಡುವವರಿಗೆ ಇದು ತಲೆಬುಡ ಅರ್ಥವಾಗದ ಲೆಕ್ಕ. ಆದರೆ ಇಲ್ಲಿ ಮೋಸ ನಡೆದಿಲ್ಲ. ನಿಯಮದ ಪ್ರಕಾರವೇ ಎಲ್ಲ ನಡೆದಿದೆ. ಆ ನಿಯಮ ಹೇಗೆ ಬಂತು, ಅದರ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು.

ಎರಡು ಮೆಟ್ಟಿಲು, ಮೂರು ಲೀಗು

ಯುರೋಪಿನ ದೊಡ್ಡ ರಗ್ಬಿ ಕ್ಲಬ್‌ಗಳು ಮೂರು ಲೀಗುಗಳಲ್ಲಿ ಹಂಚಿಹೋಗಿವೆ. ಇಂಗ್ಲೆಂಡಿನದು ಪ್ರೀಮಿಯರ್‌ಶಿಪ್. ಫ್ರಾನ್ಸಿನದು ಟಾಪ್ 14. ಮೂರನೆಯದು ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್. ಇದರಲ್ಲಿ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ಮತ್ತು ದಕ್ಷಿಣ ಆಫ್ರಿಕಾದ 16 ತಂಡಗಳಿವೆ.

ಈ ಮೂರೂ ಲೀಗಿನ ಕ್ಲಬ್‌ಗಳು ಸೇರಿ ಆಡುವ ಟೂರ್ನಿ ಎರಡು. ಮೇಲಿನ ಮೆಟ್ಟಿಲು ಚಾಂಪಿಯನ್ಸ್ ಕಪ್. ಇದರಲ್ಲಿ 24 ತಂಡ, ಒಂದೊಂದು ಲೀಗಿನಿಂದ ಎಂಟೆಂಟು. ಅಲ್ಲಿ ಜಾಗ ಸಿಗದವರು ಕೆಳಗಿನ ಮೆಟ್ಟಿಲಾದ ಚಾಲೆಂಜ್ ಕಪ್‌ಗೆ ಬರುತ್ತಾರೆ. ಚಾಲೆಂಜ್ ಕಪ್ ಹೊಸದೇನಲ್ಲ. 1996-97ರಿಂದ ನಡೆಯುತ್ತಿದೆ. ಮೊದಲ ಬಾರಿ ಗೆದ್ದದ್ದು ಫ್ರಾನ್ಸಿನ ಬೂರ್ಗ್ವಾನ್ ಅನ್ನುವ ಸಣ್ಣ ಊರಿನ ಕ್ಲಬ್.

ದಕ್ಷಿಣ ಆಫ್ರಿಕಾ ಯುರೋಪಿನ ಕಪ್‌ನಲ್ಲಿ ಏನು ಮಾಡುತ್ತಿದೆ ಅನ್ನುವುದು ಸಹಜವಾದ ಪ್ರಶ್ನೆ. ಅಲ್ಲಿನ ದೊಡ್ಡ ತಂಡಗಳು ಮೊದಲು ನ್ಯೂಜಿಲೆಂಡ್, ಆಸ್ಟ್ರೇಲಿಯಾ ಜತೆ ಸೂಪರ್ ರಗ್ಬಿ ಆಡುತ್ತಿದ್ದವು. ಪಂದ್ಯ ಆಡಲು ಅರ್ಧ ಭೂಮಿ ಸುತ್ತಬೇಕು. ಆಕ್ಲೆಂಡ್‌ನಲ್ಲಿ ಸಂಜೆ ಪಂದ್ಯ ಅಂದರೆ ಜೊಹಾನ್ಸ್‌ಬರ್ಗ್‌ನಲ್ಲಿ ಬೆಳಗಿನ ಹೊತ್ತು. ಯುರೋಪಿಗೂ ದಕ್ಷಿಣ ಆಫ್ರಿಕಾಕ್ಕೂ ಗಡಿಯಾರದ ವ್ಯತ್ಯಾಸ ಒಂದೆರಡು ಗಂಟೆ ಮಾತ್ರ. ಟಿವಿಯವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? 2021-22ರಲ್ಲಿ ಬುಲ್ಸ್, ಲಯನ್ಸ್, ಶಾರ್ಕ್ಸ್, ಸ್ಟಾರ್ಮರ್ಸ್ ತಂಡಗಳು ಉತ್ತರದ ಲೀಗಿಗೆ ಬಂದವು. 2022-23ರಿಂದ ಯುರೋಪಿನ ಕಪ್‌ಗಳಲ್ಲೂ ಆಡತೊಡಗಿದವು. ಅವರಲ್ಲಿ ಕಪ್ ಗೆದ್ದ ಮೊದಲ ತಂಡ ಶಾರ್ಕ್ಸ್.

ಹದಿನಾಲ್ಕನೇ ಸ್ಥಾನದ ತಂಡ ಕಪ್ ಗೆದ್ದದ್ದು ಹೇಗೆ?

ಪಟ್ಟಿ ನೋಡಿ ಶಾರ್ಕ್ಸ್ ಕಳಪೆ ತಂಡ ಅಂದುಕೊಂಡರೆ ತಪ್ಪಾಗುತ್ತದೆ. ಆ ವರ್ಷ ಲೀಗಿನಲ್ಲಿ ಅವರು ಆಡಿದ 18 ಪಂದ್ಯಗಳಲ್ಲಿ ಗೆದ್ದದ್ದು 4 ಮಾತ್ರ, ನಿಜ. ಆದರೆ ಎಬೆನ್ ಎಟ್ಜೆಬೆತ್, ಬೊಂಗಿ ಎಂಬೊನಂಬಿ, ಆಕ್ಸ್ ಎನ್ಚೆ, ಮಕಝೋಲೆ ಮಾಪಿಂಪಿ ಅವರಂಥ ವಿಶ್ವಕಪ್ ಆಟಗಾರರು ಅಲ್ಲಿದ್ದರು. 2023ರ ಅಕ್ಟೋಬರ್ 28ರಂದು ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು 12-11ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತ್ತು. ಲೀಗ್ ಶುರುವಾಗುವ ಹೊತ್ತಿಗೆ ಈ ಆಟಗಾರರಲ್ಲಿ ಹೆಚ್ಚಿನವರು ಇನ್ನೂ ಪ್ಯಾರಿಸ್‌ನಲ್ಲೇ ಇದ್ದರು. ಅವರು ಬಂದು, ಸುಧಾರಿಸಿಕೊಂಡು, ಜೆರ್ಸಿ ತೊಡುವಷ್ಟರಲ್ಲಿ ತಂಡ ಸಾಲುಸಾಲು ಸೋತಾಗಿತ್ತು.

ಲೀಗ್ ಕೈತಪ್ಪಿದ ಮೇಲೆ ಉಳಿದ ದಾರಿ ಚಾಲೆಂಜ್ ಕಪ್ ಒಂದೇ. ನಾಕೌಟ್‌ನ ಮೊದಲ ಪಂದ್ಯದಲ್ಲಿ ಇಟಲಿಯ ಝೆಬ್ರೆ ತಂಡವನ್ನು 47-3ರಿಂದ ಬಡಿದರು. ಕ್ವಾರ್ಟರ್ ಫೈನಲ್‌ನಲ್ಲಿ ಎಡಿನ್‌ಬರೋ ವಿರುದ್ಧ 36-30. ಸೆಮಿಫೈನಲ್ ಲೆಕ್ಕಕ್ಕೆ ಶಾರ್ಕ್ಸ್‌ನ ತವರು ಪಂದ್ಯ. ಆದರೆ ಆಡಿದ್ದು ಡರ್ಬನ್‌ನಲ್ಲಲ್ಲ, ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟೂಪ್‌ನಲ್ಲಿ. ತಮ್ಮ ಜನ ಕಮ್ಮಿ ಇದ್ದ ಆ ಊರಲ್ಲಿ ಫ್ರಾನ್ಸಿನ ಕ್ಲೆರ್ಮೋನ್ ತಂಡವನ್ನು 32-31ರಿಂದ, ಅಂದರೆ ಒಂದೇ ಒಂದು ಅಂಕದಿಂದ ದಾಟಿದರು.

ಫೈನಲ್‌ನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ರಗ್ಬಿಯ ಗುಣವೂ ತಿಳಿಯುತ್ತದೆ. ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಅದಾದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಯನ್ನು ಒದ್ದರೆ 3. ಶಾರ್ಕ್ಸ್ ಹೊಡೆದ ಟ್ರೈ ಮೂರು, ಅದು 15 ಅಂಕ. ಮಿಕ್ಕ 21 ಅಂಕ ಬಂದದ್ದು ಸಿಯಾ ಮಸುಕು ಅನ್ನುವ ಒಬ್ಬನೇ ಹುಡುಗನ ಕಾಲಿನಿಂದ. ಗ್ಲಾಸ್ಟರ್ ಒಂದೊಂದು ತಪ್ಪು ಮಾಡಿದಾಗಲೂ ಮೂರು ಅಂಕ ಕಟ್ಟಿತು. ಇಂಥ ಆಟಕ್ಕೆ ತಾಳ್ಮೆ ಬೇಕು. 18 ಪಂದ್ಯಗಳ ಲೀಗಿನಲ್ಲಿ ಕಾಣದ ತಾಳ್ಮೆ ನಾಲ್ಕು ನಾಕೌಟ್ ಪಂದ್ಯಗಳಲ್ಲಿ ಕಂಡಿತು.

ಆ ವರ್ಷದ ಚಾಲೆಂಜ್ ಕಪ್ ಇನ್ನೊಂದು ಕಾರಣಕ್ಕೂ ವಿಶೇಷ. ಮೂರು ಲೀಗಿನ 16 ತಂಡಗಳ ಜತೆ ಎರಡು ಆಹ್ವಾನಿತ ತಂಡಗಳಿದ್ದವು. ಒಂದು ಜಾರ್ಜಿಯಾ ದೇಶದ ಬ್ಲ್ಯಾಕ್ ಲಯನ್. ಇನ್ನೊಂದು ದಕ್ಷಿಣ ಆಫ್ರಿಕಾದ ಚೀಟಾಸ್. ಚೀಟಾಸ್ ತನ್ನ ತವರು ಪಂದ್ಯಗಳಿಗೆ ಆರಿಸಿಕೊಂಡದ್ದು ಆಮ್‌ಸ್ಟರ್‌ಡ್ಯಾಮ್! ಮೇಲಿನ ಟೂರ್ನಿಯಲ್ಲಿ ಇಂಥವರಿಗೆ ಬಾಗಿಲೇ ಇಲ್ಲ. ಎರಡನೇ ಸಾಲಿನ ಕಪ್ ಇರಬೇಕಾದ್ದೇ ಇದಕ್ಕೆ.

ಮೂರು ವರ್ಷ, ಒಂದೇ ಕುರ್ಚಿ

ಈಗ ಎಂಟನೇ ಸೀಟಿನ ವಿಷಯಕ್ಕೆ ಬರೋಣ. ಆಸ್ಪ್ರೀಸ್‌ಗೆ ಆದದ್ದು ಒಂದೇ ವರ್ಷದ ಕಥೆಯಲ್ಲ. ಎರಡು ವರ್ಷ ಹಿಂದಕ್ಕೆ ಹೋದರೆ ವಿಷಯ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್ ಶುರುವಾದಾಗ ಎಲ್ಲ ದೇಶಕ್ಕೂ ಪಾಲು ಸಿಗಲಿ ಅಂತ ಒಂದು ನಿಯಮ ಇತ್ತು. 16 ತಂಡಗಳನ್ನು ಐರ್ಲೆಂಡ್, ವೇಲ್ಸ್, ದಕ್ಷಿಣ ಆಫ್ರಿಕಾ, ಸ್ಕಾಟ್ಲೆಂಡ್-ಇಟಲಿ ಅಂತ ನಾಲ್ಕು ಗುಂಪು ಮಾಡಿದ್ದರು. ಒಟ್ಟು ಪಟ್ಟಿಯಲ್ಲಿ ಎಲ್ಲೇ ಇರಲಿ, ಒಂದೊಂದು ಗುಂಪಿನ ಮೊದಲಿಗರಿಗೆ ಚಾಂಪಿಯನ್ಸ್ ಕಪ್ ಸೀಟು ಖಾತ್ರಿ. ಮಿಕ್ಕ ನಾಲ್ಕು ಸೀಟು ಮಾತ್ರ ಪಟ್ಟಿ ನೋಡಿ.

2021-22ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ಎಂಟನೇ ಸ್ಥಾನ ಪಡೆಯಿತು. ಒಂಬತ್ತನೇ ಸ್ಥಾನ ಆಸ್ಪ್ರೀಸ್‌ದು. ಆದರೆ ವೇಲ್ಸ್ ಗುಂಪಿನಲ್ಲಿ ಆಸ್ಪ್ರೀಸ್ ಮೊದಲಿದ್ದರಿಂದ ಸೀಟು ಅವರಿಗೆ ಹೋಯಿತು. ಗ್ಲಾಸ್ಗೊ ಹೊರಗೆ.

2022-23ರಲ್ಲಿ ಎಂಟನೇ ಸ್ಥಾನದಲ್ಲಿ ಇದ್ದದ್ದು ಯಾರು ಗೊತ್ತಾ? ಇದೇ ಶಾರ್ಕ್ಸ್. ಹತ್ತನೇ ಸ್ಥಾನದ ಕಾರ್ಡಿಫ್ ವೇಲ್ಸ್ ಗುಂಪಿನ ಮೊದಲಿಗರಾಗಿ ಸೀಟು ಪಡೆಯಿತು. ಶಾರ್ಕ್ಸ್ ಚಾಲೆಂಜ್ ಕಪ್‌ಗೆ ಇಳಿಯಬೇಕಾಯಿತು. ಅಂದರೆ ಎಂಟನೇ ಸೀಟು ಕಳೆದುಕೊಂಡದ್ದರಿಂದಲೇ ಅವರು ಆ ಕಪ್ ಗೆಲ್ಲುವ ಹಾದಿಗೆ ಬಂದರು.

ಗುಂಪಿನ ನಿಯಮದ ಬಗ್ಗೆ ಗೊಣಗಾಟ ಜಾಸ್ತಿಯಾಯಿತು. 2023-24ಕ್ಕೆ ಅದನ್ನು ಕೈಬಿಟ್ಟರು. ಪಟ್ಟಿಯ ಮೊದಲ ಎಂಟು ತಂಡ, ಅಷ್ಟೇ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ನಿಯಮ ಮೇಲೆ ಬಂತು. ಚಾಲೆಂಜ್ ಕಪ್ ಗೆದ್ದವರಿಗೆ ಸೀಟು ಕೊಡಬೇಕು, ಆ ಸೀಟನ್ನು ಅವರದೇ ಲೀಗಿನ ಎಂಟರಲ್ಲಿ ಕಳೆಯಬೇಕು. ವೇಲ್ಸ್ ತಂಡಗಳಲ್ಲಿ ಮೊದಲಿಗರೂ ಆಗಿದ್ದ, ಪಟ್ಟಿಯಲ್ಲಿ ಎಂಟನೆಯವರೂ ಆಗಿದ್ದ ಆಸ್ಪ್ರೀಸ್ ಈ ಸಲ ಹೊರಗುಳಿಯಿತು. ಹಳೇ ನಿಯಮ ಇದ್ದಿದ್ದರೆ ಒಳಗಿರುತ್ತಿತ್ತು.

ಮೂರು ವರ್ಷ, ಮೂರು ತಂಡ. ಮೂವರೂ ಮೈದಾನದಲ್ಲಿ ಮಾಡಬೇಕಾದ್ದನ್ನು ಮಾಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಎಲ್ಲೋ ನಡೆದ ಲೆಕ್ಕಾಚಾರಕ್ಕೆ ಇವರು ಬೆಲೆ ತೆತ್ತರು. 2024ರಲ್ಲಿ ಇನ್ನೂ ನೋವಿನ ಸಂಗತಿ ಎಂದರೆ ದಿನಾಂಕ. ಆಸ್ಪ್ರೀಸ್ ಆಟಗಾರರು ಜೂನ್ 1ರಂದು ಕಾರ್ಡಿಫ್ ವಿರುದ್ಧ ಮೈದಾನಕ್ಕೆ ಇಳಿಯುವ ಹೊತ್ತಿಗೆ ಶಾರ್ಕ್ಸ್ ಕಪ್ ಗೆದ್ದು ವಾರ ಕಳೆದಿತ್ತು. ಎಂಟನೇ ಸ್ಥಾನಕ್ಕೆ ಲೀಗಿನ ಕ್ವಾರ್ಟರ್ ಫೈನಲ್ ಸಿಕ್ಕಿತು. ಯುರೋಪಿನ ಸೀಟು ಆಗಲೇ ಹೋಗಿತ್ತು.

ಗೆದ್ದವರಿಗೆ ಸೀಟು ಬೇಕೇ ಬೇಕು ಅನ್ನುವವರ ವಾದ

ಈ ನಿಯಮವನ್ನು ಸುಮ್ನೆ ಕಿತ್ತುಹಾಕಿ ಅನ್ನುವುದು ಸುಲಭ. ಆದರೆ ಅದರ ಹಿಂದೆ ಗಟ್ಟಿ ಕಾರಣ ಇದೆ.

ಫ್ರಾನ್ಸಿನ ಕ್ಲಬ್‌ಗಳಿಗೆ ಟಾಪ್ 14 ಅಂದರೆ ಜೀವ. ಕೆಳಗೆ ಬಿದ್ದರೆ ಎರಡನೇ ದರ್ಜೆಗೆ ಇಳಿಯಬೇಕು. ಹಾಗಾಗಿ ಅವು ಚಾಲೆಂಜ್ ಕಪ್‌ನ ಹೊರ ಊರಿನ ಪಂದ್ಯಗಳಿಗೆ ಎಷ್ಟೋ ಸಲ ಎರಡನೇ ಸಾಲಿನ ಆಟಗಾರರನ್ನು ಕಳಿಸುತ್ತವೆ. ಮುಖ್ಯ ಆಟಗಾರರು ಮನೆಯಲ್ಲಿ ವಿಶ್ರಾಂತಿ. ಟಿಕೆಟ್ ಕೊಂಡು ಬಂದವರಿಗೆ ಇದು ಅನ್ಯಾಯ. ಕಪ್ ಗೆದ್ದರೆ ಮೇಲಿನ ಟೂರ್ನಿಗೆ ದಾರಿ ಇದೆ ಅಂದಾಗ ಮಾತ್ರ ಕ್ಲಬ್‌ಗಳು ಮೈಮುರಿದು ಆಡುತ್ತವೆ. ಆ ಆಸೆಯನ್ನೂ ತೆಗೆದರೆ ಚಾಲೆಂಜ್ ಕಪ್ ಬರೀ ಅಭ್ಯಾಸ ಪಂದ್ಯಗಳ ಸರಣಿ ಆಗುತ್ತದೆ.

ಇದಕ್ಕೆ ಪುರಾವೆಯೂ ಇದೆ. ಶಾರ್ಕ್ಸ್ ಆ ವರ್ಷ ತನ್ನ ಶಕ್ತಿಯನ್ನೆಲ್ಲ ಈ ಕಪ್‌ಗೆ ಹಾಕಿತು. ಎದುರಿಗಿದ್ದ ಗ್ಲಾಸ್ಟರ್ ಕೂಡ ಅಷ್ಟೇ. ಇಂಗ್ಲೆಂಡಿನ 10 ತಂಡಗಳಲ್ಲಿ ಅದು ಒಂಬತ್ತನೆಯದು. ಗೆದ್ದಿದ್ದರೆ ಅದಕ್ಕೂ ಸೀಟು ಸಿಗುತ್ತಿತ್ತು. ಆಗ ಎಂಟನೇ ಸ್ಥಾನದಲ್ಲಿದ್ದ ಲೆಸ್ಟರ್ ಹೊರಗೆ ಹೋಗಬೇಕಿತ್ತು. ಆ ಸಂಜೆ ಲೆಸ್ಟರ್‌ನ ಅಭಿಮಾನಿಗಳೂ ಡರ್ಬನ್ ತಂಡದ ಗೆಲುವಿಗೆ ಕಾಯಬೇಕಾದ ಸ್ಥಿತಿ.

ಹಾಗಾಗಿ ಗೆದ್ದವರಿಗೆ ಸೀಟು ಕೊಡುವುದು ಸರಿಯೇ. ತಕರಾರು ಇರುವುದು ಆ ಸೀಟನ್ನು ಎಲ್ಲಿಂದ ತರುತ್ತಾರೆ ಅನ್ನುವುದರಲ್ಲಿ.

8-8-8ರ ಗಂಟು

ಲೀಗಿಗೆ ಎಂಟು ಸೀಟು ಅನ್ನುವ ಲೆಕ್ಕ ಆಕಾಶದಿಂದ ಬಿದ್ದದ್ದಲ್ಲ. 2014ಕ್ಕೆ ಮುಂಚೆ ಹೈನೆಕೆನ್ ಕಪ್ ಅಂತ ಇತ್ತು. ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿಯ ತಂಡಗಳಿಗೆ ಅದರಲ್ಲಿ ಸುಲಭವಾಗಿ ಜಾಗ ಸಿಗುತ್ತಿತ್ತು. ನಾವು ಬೆವರು ಸುರಿಸಿ ಅರ್ಹತೆ ಪಡೆಯಬೇಕು, ಅವರಿಗೆ ಕೂತಲ್ಲೇ ಸಿಗುತ್ತದೆ ಅನ್ನುವುದು ಇಂಗ್ಲಿಷ್, ಫ್ರೆಂಚ್ ಕ್ಲಬ್‌ಗಳ ದೂರು. 2012ರಲ್ಲಿ ಅವು ಹೊರಹೋಗುವ ನೋಟಿಸ್ ಕೊಟ್ಟವು. ಎಳೆದಾಟ ನಡೆದು, ಹಳೇ ಟೂರ್ನಿ ಮುಚ್ಚಿ, 2014-15ರಲ್ಲಿ 20 ತಂಡಗಳ ಚಾಂಪಿಯನ್ಸ್ ಕಪ್ ಶುರುವಾಯಿತು. ಕೋವಿಡ್ ಕಾಲದಲ್ಲಿ, 2020-21ಕ್ಕೆ, ಅದು 24 ಆಯಿತು. ಮೂರು ಲೀಗಿಗೂ ಸಮಪಾಲು.

ಈ ಸಮಪಾಲೇ ಶಾಂತಿ ಒಪ್ಪಂದ. ಶಾರ್ಕ್ಸ್‌ಗೆ ಹೆಚ್ಚುವರಿಯಾಗಿ ಒಂಬತ್ತನೇ ಸೀಟು ಕೊಟ್ಟರೆ ಇಂಗ್ಲೆಂಡೋ ಫ್ರಾನ್ಸೋ ಒಂದನ್ನು ಬಿಡಬೇಕು. ಇಲ್ಲವೇ 25 ತಂಡ ಆಡಿಸಬೇಕು. 24 ಇದ್ದರೆ ಆರಾರರ ನಾಲ್ಕು ಗುಂಪು ಸಲೀಸಾಗಿ ಆಗುತ್ತದೆ. 25ಕ್ಕೆ ಆಗುವುದಿಲ್ಲ. ಗುಂಪಿನ ಹಂತಕ್ಕೆ ಸಿಗುವುದೇ ನಾಲ್ಕು ವಾರಾಂತ್ಯ. ಆದ್ದರಿಂದ ಲೀಗುಗಳ ನಡುವೆ ಜಗಳ ಬೇಡ ಅಂತ ಜಗಳವನ್ನು ಲೀಗಿನ ಒಳಗೇ ತಳ್ಳಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಹಾಗೆ ಎಂಟನೇ ಸ್ಥಾನದವರು ಬಡವಾದರು.

ಸಮಪಾಲು ಅನ್ನುವುದು ಕಾಗದದ ಮೇಲೆ ಮಾತ್ರ ಅನ್ನುವ ಮಾತೂ ಇದೆ. ಅದರಲ್ಲಿ ಹುರುಳಿದೆ. ಹಣದ ಮುಗ್ಗಟ್ಟಿನಿಂದ 2022ರಲ್ಲಿ ವುಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್ ಮುಚ್ಚಿಹೋದವು. ಇಂಗ್ಲೆಂಡಿನ ಲೀಗಿನಲ್ಲಿ ಉಳಿದದ್ದು 10 ತಂಡ. ಸೀಟು ಮಾತ್ರ ಎಂಟೇ. ಅಂದರೆ ಹತ್ತರಲ್ಲಿ ಇಬ್ಬರು ಬಿಟ್ಟು ಎಲ್ಲರೂ ಮೇಲಿನ ಟೂರ್ನಿಗೆ. ಫ್ರಾನ್ಸಿನಲ್ಲಿ 14ರಲ್ಲಿ ಎಂಟು, ಮೂರನೇ ಲೀಗಿನಲ್ಲಿ 16ರಲ್ಲಿ ಎಂಟು. ಹತ್ತರಲ್ಲಿ ಎಂಟನೆಯ ಲೆಸ್ಟರ್ ಒಳಗೆ, ಹದಿನಾರರಲ್ಲಿ ಎಂಟನೆಯ ಆಸ್ಪ್ರೀಸ್ ಹೊರಗೆ. ಎರಡೂ ಎಂಟು ಒಂದೇ ತೂಕದ್ದಲ್ಲ.

ಫುಟ್‌ಬಾಲ್ ಇದೇ ಪೆಟ್ಟು ತಿಂದು ಕಲಿತದ್ದು

2012ರಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ನಡೆದದ್ದು ಇದೇ. ಚೆಲ್ಸಿ ಲೀಗಿನಲ್ಲಿ ಆರನೇ ಸ್ಥಾನ ಪಡೆದರೂ ಚಾಂಪಿಯನ್ಸ್ ಲೀಗ್ ಗೆದ್ದಿತು. ಇಂಗ್ಲೆಂಡಿಗೆ ನಾಲ್ಕೇ ಸೀಟು ಅನ್ನುವ ಮಿತಿ ಇತ್ತು. ಹಾಗಾಗಿ ನಾಲ್ಕನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್ ಸೀಟು ಕಳೆದುಕೊಂಡು ಯುರೋಪಾ ಲೀಗ್‌ಗೆ ಇಳಿಯಿತು. ಆಮೇಲೆ ಮಿತಿಯನ್ನು ಸಡಿಲ ಮಾಡಿದರು. ಯುರೋಪಾ ಲೀಗ್ ಗೆದ್ದವರಿಗೆ ಪ್ರತ್ಯೇಕ ಸೀಟು ಇಟ್ಟರು.

ಅದರ ಫಲ 2025ರಲ್ಲಿ ಸಿಕ್ಕದ್ದು ಇದೇ ಟಾಟನ್‌ಹ್ಯಾಮ್‌ಗೆ. ಲೀಗಿನಲ್ಲಿ 17ನೇ ಸ್ಥಾನ. ಆದರೂ ಯುರೋಪಾ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡನ್ನು 1-0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಸೇರಿತು. ಪಟ್ಟಿಯಿಂದ ಅರ್ಹತೆ ಪಡೆದ ಇಂಗ್ಲೆಂಡಿನ ಬೇರೆ ಯಾವ ಕ್ಲಬ್ಬೂ ಅದಕ್ಕಾಗಿ ಜಾಗ ಬಿಡಬೇಕಾಗಲಿಲ್ಲ. ಶಾರ್ಕ್ಸ್ ಕಪ್ ಎತ್ತಿದ್ದು ಈ ಕ್ಲಬ್ಬಿನ ಮೈದಾನದಲ್ಲೇ. ಒಂದು ಆಟ ಆಗಲೇ ಬಿಡಿಸಿಕೊಂಡ ಗಂಟನ್ನು ಇನ್ನೊಂದು ಆಟ ಅದೇ ಹುಲ್ಲಿನ ಮೇಲೆ ಮತ್ತೆ ಬಿಗಿದುಕೊಂಡಿತು.

ಮೇಲಿಂದ ಬೀಳುವವರ ಪ್ರಶ್ನೆ

ಇನ್ನೊಂದು ತೊಡಕು ಇದೆ. ಚಾಂಪಿಯನ್ಸ್ ಕಪ್ ಗುಂಪುಗಳಲ್ಲಿ ಮೊದಲ ನಾಲ್ಕು ತಂಡ ಮುಂದಕ್ಕೆ ಹೋಗುತ್ತವೆ, ಆರನೆಯದು ಮನೆಗೆ. ಐದನೆಯದು ಮಾತ್ರ ಚಾಲೆಂಜ್ ಕಪ್‌ನ ನಾಕೌಟ್‌ಗೆ ಇಳಿಯುತ್ತದೆ. ಹೀಗೆ ನಾಲ್ಕು ತಂಡ ಮೇಲಿಂದ ಬಂದು ಸೇರಿಕೊಳ್ಳುತ್ತವೆ.

2024-25ರಲ್ಲಿ ಇಂಗ್ಲೆಂಡಿನ ಬಾತ್ ತಂಡ ಚಾಂಪಿಯನ್ಸ್ ಕಪ್‌ನಲ್ಲಿ ನಾಲ್ಕರಲ್ಲಿ ಮೂರು ಪಂದ್ಯ ಸೋತು ಐದನೇ ಸ್ಥಾನಕ್ಕೆ ಬಂತು. ಚಾಲೆಂಜ್ ಕಪ್‌ಗೆ ಇಳಿಯಿತು. ಫೈನಲ್‌ನಲ್ಲಿ ಲಿಯೋನ್ ತಂಡವನ್ನು 37-12ರಿಂದ ಸೋಲಿಸಿ ಕಪ್ ಗೆದ್ದಿತು. ಅದೇ ವರ್ಷ ಇಂಗ್ಲೆಂಡಿನ ಲೀಗನ್ನೂ ಗೆದ್ದಿದ್ದರಿಂದ ಯಾರ ಸೀಟಿಗೂ ಕುತ್ತು ಬರಲಿಲ್ಲ. ಬಾತ್ ಒಳ್ಳೆಯ ತಂಡ, ಅದರಲ್ಲಿ ಎರಡು ಮಾತಿಲ್ಲ. ಆದರೂ ಚಳಿಗಾಲ ಪೂರ್ತಿ ಚಾಲೆಂಜ್ ಕಪ್ ಗುಂಪಿನಲ್ಲಿ ಆಡಿ ಬಂದ ಸಣ್ಣ ಕ್ಲಬ್‌ಗಳ ಎದುರಿಗೆ ಏಪ್ರಿಲ್‌ನಲ್ಲಿ ಇಂಥ ತಂಡವನ್ನು ತಂದು ನಿಲ್ಲಿಸುವುದು ನನಗಂತೂ ಒಪ್ಪುವುದಿಲ್ಲ. ನಾಕೌಟ್‌ಗೆ ಜನ ಬರುತ್ತಾರೆ, ಟಿವಿ ನೋಡುತ್ತಾರೆ ಅನ್ನುವುದು ಆಯೋಜಕರ ಸಮರ್ಥನೆ. ಅದು ಸುಳ್ಳಲ್ಲ. ಆದರೆ ಸಣ್ಣವರಿಗೆ ಅಂತ ಇಟ್ಟ ಕಪ್‌ನ ಬೆಲೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಮುಂದೆ ಏನಾಯಿತು, ಏನಾಗಬಹುದು

ಸೀಟು ಪಡೆದ ಶಾರ್ಕ್ಸ್ 2024-25ರ ಚಾಂಪಿಯನ್ಸ್ ಕಪ್‌ನಲ್ಲಿ ಎಕ್ಸೆಟರ್ ತಂಡವನ್ನು ಡರ್ಬನ್‌ನಲ್ಲಿ ಸೋಲಿಸಿತು. ಬೋರ್ಡೋ ತಂಡದ ಎದುರು 66-12ರಿಂದ ಸೋತಿತು. ಕೊನೆಗೆ ಗುಂಪಿನಲ್ಲಿ ಐದನೆಯದಾಗಿ ಮತ್ತೆ ಚಾಲೆಂಜ್ ಕಪ್‌ಗೇ ಇಳಿಯಿತು. ಇದನ್ನೇ ತೋರಿಸಿ ಆ ಸೀಟಿಗೆ ಅವರು ಯೋಗ್ಯರಲ್ಲ ಅನ್ನುವುದು ಅವಸರದ ಮಾತು. ಅದೇ ವರ್ಷ ಲೀಗಿನಲ್ಲಿ ಅವರು ಸೆಮಿಫೈನಲ್ ಮುಟ್ಟಿದರು.

ಆಸ್ಪ್ರೀಸ್‌ಗೆ ಆದ ನಷ್ಟವನ್ನು ಅಂಕಪಟ್ಟಿಯಲ್ಲಿ ಅಳೆಯಲು ಆಗುವುದಿಲ್ಲ. ಚಾಂಪಿಯನ್ಸ್ ಕಪ್ ಅಂದರೆ ತುಲೂಸ್, ಲೆನ್‌ಸ್ಟರ್‌ನಂಥ ತಂಡಗಳು ನಿಮ್ಮ ಊರಿಗೆ ಬರುತ್ತವೆ. ಗೇಟಿನ ದುಡ್ಡು ಹೆಚ್ಚುತ್ತದೆ, ಪ್ರಾಯೋಜಕರು ಬರುತ್ತಾರೆ. ಒಳ್ಳೆಯ ಆಟಗಾರನನ್ನು ಉಳಿಸಿಕೊಳ್ಳಲು ಒಂದು ಕಾರಣ ಸಿಗುತ್ತದೆ. ವೇಲ್ಸ್‌ನಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿನ ನಾಲ್ಕು ವೃತ್ತಿಪರ ತಂಡಗಳೂ ಹಣಕ್ಕೆ ಒದ್ದಾಡುತ್ತಿವೆ. ನಾಲ್ಕನ್ನು ಮೂರಕ್ಕೆ ಇಳಿಸುವುದಾಗಿ ವೇಲ್ಸ್ ರಗ್ಬಿ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಇಂಥ ಕಾಲದಲ್ಲಿ ಒಂದು ವರ್ಷದ ಸೀಟು ತಪ್ಪುವುದು ಸಣ್ಣ ಮಾತಲ್ಲ.

ಪರಿಹಾರ ಇಲ್ಲದೇ ಇಲ್ಲ. ಲೀಗಿಗೆ ಎಂಟರ ಬದಲು ಏಳು ಸೀಟನ್ನು ಪಟ್ಟಿಯಿಂದ ಕೊಡಲಿ. ಅದು 21. ಚಾಂಪಿಯನ್ಸ್ ಕಪ್ ಗೆದ್ದವರಿಗೆ ಒಂದು, ಚಾಲೆಂಜ್ ಕಪ್ ಗೆದ್ದವರಿಗೆ ಒಂದು ಮೀಸಲಿಡಲಿ. ಉಳಿದ ಒಂದಕ್ಕೂ, ಗೆದ್ದವರು ಮೊದಲೇ ಅರ್ಹರಾಗಿದ್ದರೆ ಖಾಲಿಯಾಗುವ ಸೀಟಿಗೂ, ಮೂರು ಲೀಗಿನ ಎಂಟನೇ ತಂಡಗಳು ಪೈಪೋಟಿ ಮಾಡಲಿ. 2024ಕ್ಕೆ ಇದನ್ನು ಹಚ್ಚಿ ನೋಡಿ. ಚಾಂಪಿಯನ್ಸ್ ಕಪ್ ಗೆದ್ದ ತುಲೂಸ್ ತನ್ನ ಲೀಗಿನಿಂದಲೇ ಅರ್ಹವಾಗಿತ್ತು. ಅಲ್ಲಿಗೆ ಒಂದು ಸೀಟು ಖಾಲಿ. ಶಾರ್ಕ್ಸ್‌ಗೆ ಒಂದು ಕೊಟ್ಟರೂ ಎರಡು ಉಳಿಯುತ್ತಿತ್ತು. ಆ ಎರಡಕ್ಕೆ ಆಸ್ಪ್ರೀಸ್, ಲೆಸ್ಟರ್ ಮತ್ತು ಫ್ರಾನ್ಸಿನ ಎಂಟನೇ ತಂಡ ಮೈದಾನದಲ್ಲಿ ಹೋರಾಡಬಹುದಿತ್ತು.

ಕಷ್ಟ ಇರುವುದು ಕ್ಯಾಲೆಂಡರ್‌ನಲ್ಲಿ. ಫ್ರಾನ್ಸಿನ ಲೀಗ್ ಜೂನ್‌ವರೆಗೂ ನಡೆಯುತ್ತದೆ, ಜುಲೈನಲ್ಲಿ ದೇಶದ ತಂಡಗಳ ಪಂದ್ಯ. ಆದರೆ ಕೊನೇ ಸೀಟಿಗೆ ಪ್ಲೇಆಫ್ ಆಡಿಸಿದ ಉದಾಹರಣೆ ರಗ್ಬಿಯಲ್ಲೇ ಇದೆ. 2015ರಲ್ಲಿ ಗ್ಲಾಸ್ಟರ್ ಚಾಲೆಂಜ್ ಕಪ್ ಗೆದ್ದಿತ್ತು. ಆಗ ನೇರ ಸೀಟು ಸಿಗಲಿಲ್ಲ. ಐರ್ಲೆಂಡಿನ ಕಾನಕ್ಟ್ ತಂಡವನ್ನು ಪ್ಲೇಆಫ್‌ನಲ್ಲಿ ಸೋಲಿಸಿ, ಬೋರ್ಡೋ ಎದುರು ಸೋತು ಹೊರಬಿತ್ತು. ಬೇಸರ ಆಯಿತು, ನಿಜ. ಆದರೆ ತಮ್ಮ ಸೀಟು ಹೋದದ್ದು 80 ನಿಮಿಷದ ಆಟದಲ್ಲಿ ಅನ್ನುವುದು ಅವರಿಗೆ ಗೊತ್ತಿತ್ತು. 2024ರ ಜೂನ್ 1ರಂದು ಗೆದ್ದು ಮೈದಾನದಿಂದ ಹೊರನಡೆದ ಆಸ್ಪ್ರೀಸ್ ಆಟಗಾರರಿಗೆ ಅಷ್ಟೂ ಸಿಗಲಿಲ್ಲ.